ರಾಗಿ ತಿಂದರೂ ಮೂಳೆಗೆ ಸೇರದಿದ್ದರೆ

ಹಾಸನದ ಕಡೆ ಮೂಳೆಯ ಮಾತು ಬಂದರೆ ಮುದ್ದೆಯ ಮಾತೂ ಬರುತ್ತದೆ. ‘ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ’ ಎಂಬುದನ್ನು ಕೇಳುತ್ತಲೇ ಬೆಳೆದವರು ನಾವು. ಅದು ಬರೀ ಬಾಯಿಮಾತಲ್ಲ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ಹಾಲಿನಲ್ಲಿ 120ರ ಆಸುಪಾಸು. ಆದರೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆ ಇರುವ ಮಗುವಿಗೆ ದಿನಾ ಮುದ್ದೆ, ಹಾಲು, ಎಳ್ಳುಂಡೆ ಕೊಟ್ಟರೂ ಮೂಳೆ ಸೊರಗಬಹುದು. ತಾಯಂದಿರು ತಮ್ಮ ಆರೈಕೆಯನ್ನೇ ದೂರಿಕೊಳ್ಳುತ್ತಾರೆ. ಅದು ಅವರ ತಪ್ಪಲ್ಲ.

ಸಿಎಫ್‌ಟಿಆರ್ ಎಂಬ ಜೀನ್ ತಂದೆ, ತಾಯಿ ಇಬ್ಬರಿಂದಲೂ ದೋಷದೊಂದಿಗೆ ಬಂದಾಗ ಈ ಕಾಯಿಲೆ ಬರುತ್ತದೆ. ಜೀನ್ ಪತ್ತೆಯಾದದ್ದು 1989ರಲ್ಲಿ. ಬೆವರು ವಿಪರೀತ ಉಪ್ಪಾಗುತ್ತದೆ, ಎದೆಯ ಕಫ ಹಲಸಿನ ಮೇಣದ ಹಾಗೆ ಅಂಟುತ್ತದೆ. ಕೆಮ್ಮು ಎಲ್ಲರ ಕಣ್ಣಿಗೂ ಬೀಳುತ್ತದೆ. ಹೊಟ್ಟೆಯೊಳಗಿನದು ಅಷ್ಟು ಬೇಗ ಕಾಣುವುದಿಲ್ಲ: ಹೆಚ್ಚಿನವರಲ್ಲಿ ಮೇದೋಜೀರಕ ಗ್ರಂಥಿಯ ನಾಳಗಳೂ ಹೀಗೇ ಕಟ್ಟಿಕೊಂಡು, ಕೊಬ್ಬು ಅರಗಿಸುವ ಕಿಣ್ವಗಳು ಸಾಕಷ್ಟು ಕರುಳು ತಲುಪುವುದೇ ಇಲ್ಲ. ಕೊಬ್ಬಿನ ಜೊತೆಗೇ ಒಳಹೋಗಬೇಕಾದ ಡಿ ಮತ್ತು ಕೆ ವಿಟಮಿನ್‌ಗಳು ನಷ್ಟವಾಗುತ್ತವೆ. ಅರಗದ ಕೊಬ್ಬು ಒಂದಿಷ್ಟು ಕ್ಯಾಲ್ಸಿಯಂ ಅನ್ನೂ ಹಿಡಿದುಕೊಂಡು ಮಲದಲ್ಲಿ ಹೋಗಿಬಿಡುತ್ತದೆ.

ಆದ್ದರಿಂದ ಮೂಳೆಯ ಆರೈಕೆ ಶುರುವಾಗುವುದು ಕಿಣ್ವದ ಕ್ಯಾಪ್ಸೂಲಿನಿಂದ. ಊಟದ ಮೊದಲ ತುತ್ತಿನ ಹೊತ್ತಿಗೇ ಅದು ಹೊಟ್ಟೆಗೆ ಹೋಗಬೇಕು, ಒಂದು ಲೋಟ ಹಾಲು ಕುಡಿಯುವಾಗಲೂ ಬೇಕು. ನುಂಗಲಾರದ ಕೂಸಾದರೆ ಕ್ಯಾಪ್ಸೂಲ್ ಬಿಡಿಸಿ, ಬೇಯಿಸಿ ಮಸೆದ ಸೇಬಿನ ಒಂದು ಚಮಚದಲ್ಲಿ ಒಳಗಿನ ಸಣ್ಣ ಕಾಳುಗಳನ್ನು ಇಟ್ಟು ಕೊಡುತ್ತಾರೆ. ಹಾಲಿಗೆ ಬೆರೆಸಿದರೆ ಕಾಳಿನ ಹೊದಿಕೆ ಅಲ್ಲೇ ಕರಗಿ ಔಷಧ ವ್ಯರ್ಥ. ಅಗಿಯಲೂ ಬಾರದು. ಡಿ ವಿಟಮಿನ್ ಅನ್ನೂ ತುಪ್ಪ ಬಿದ್ದ ಊಟದೊಂದಿಗೆ, ಕಿಣ್ವದ ಜೊತೆಯಲ್ಲೇ ಕೊಡುವುದು ಒಳ್ಳೆಯದು. ಖಾಲಿ ಹೊಟ್ಟೆಗೆ ಹಾಕಿದ್ದು ಮೈಗೆ ಹತ್ತುವುದು ಕಡಿಮೆ. ಸಕಲೇಶಪುರ, ಮೂಡಿಗೆರೆಯಲ್ಲಿ ಮಳೆಗಾಲ ಹಿಡಿದರೆ ವಾರಗಟ್ಟಲೆ ಬಿಸಿಲೇ ಕಾಣದು, ರಕ್ತದಲ್ಲಿ ಡಿ ಮಟ್ಟ ಮಿಲಿಲೀಟರಿಗೆ 30 ನ್ಯಾನೋಗ್ರಾಂ ದಾಟಿದೆಯೇ ಎಂದು ವರ್ಷಕ್ಕೊಮ್ಮೆ ನೋಡಿಸಬೇಕು. ಪ್ರಮಾಣ ವೈದ್ಯರೇ ಹೇಳಲಿ.

ಅಜೀರ್ಣ ಒಂದೇ ಕಾರಣವಲ್ಲ. ಶ್ವಾಸಕೋಶದ ಸೋಂಕು ಮರುಕಳಿಸುತ್ತಿದ್ದರೆ ಮೂಳೆ ಕರಗಿಸುವ ಕೋಶಗಳು ಚುರುಕಾಗುತ್ತವೆ. ಸ್ಟಿರಾಯ್ಡ್, ಕಡಿಮೆ ತೂಕ, ತಡವಾಗಿ ಮೈನೆರೆಯುವುದು, ಇವೂ ಸೇರಿಕೊಳ್ಳುತ್ತವೆ. ಮೂಳೆ ಗಟ್ಟಿಯಾಗುವ ಹೆಚ್ಚಿನ ಕೆಲಸ ಹದಿಹರೆಯದಲ್ಲೇ ಮುಗಿಯುವುದರಿಂದ ಆ ವಯಸ್ಸಿನ ನಷ್ಟ ತುಂಬುವುದು ಕಷ್ಟ. ‘ಪಾಪ, ಉಬ್ಬಸದ ಮಗು’ ಎಂದು ಕೂರಿಸುವುದು ನನಗೆ ಸರಿಕಾಣದು. ವೈದ್ಯರು ಬೇಡ ಎನ್ನದಿದ್ದರೆ ಕುಂಟೆಬಿಲ್ಲೆ ಆಡಲಿ, ಹಗ್ಗ ಜಿಗಿಯಲಿ. ಮೈಭಾರ ಬಿದ್ದರೇ ಮೂಳೆ ಬಲಿಯುವುದು. ಬೆವರಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಕೊಡಿ.

ಇಷ್ಟೆಲ್ಲ ಒತ್ತಿ ಹೇಳಲು ಕಾರಣವಿದೆ. ಪಕ್ಕೆಲುಬು ಮುರಿದರೆ ನೋವಿಗೆ ಕೆಮ್ಮಲಾಗದು, ಕೆಮ್ಮದಿದ್ದರೆ ಕಫ ಒಳಗೇ ಉಳಿದು ಸೋಂಕು ಏರುತ್ತದೆ. ಬೆನ್ನುಮೂಳೆ ಕುಸಿದು ಗೂನಾದರೆ ಶ್ವಾಸಕೋಶಕ್ಕೆ ಜಾಗವೇ ಸಾಲದು. ಎದೆಯ ತಪಾಸಣೆಗೆ ಬೆಂಗಳೂರಿಗೋ ಮಂಗಳೂರಿಗೋ ಹೋದಾಗ, ಮಗುವಿಗೆ ಎಂಟು ದಾಟಿದ್ದರೆ, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕೇ ಎಂದು ಕೇಳಿ. ಕುಳ್ಳಗಿರುವ ಮಗುವಿನ ಮೂಳೆ ಅದರಲ್ಲಿ ಇರುವುದಕ್ಕಿಂತ ಬಡಕಲಾಗಿ ತೋರುತ್ತದೆ, ಹಾಗಾಗಿ ಎತ್ತರವನ್ನು ಲೆಕ್ಕಕ್ಕೆ ಹಿಡಿದೇ ವರದಿ ಓದಿದರೇ ಎಂದೂ ಕೇಳಿ ತಿಳಿದುಕೊಳ್ಳಿ.