0-0-1: ಜೋಲ್ಪಿಡೆಮ್ ಚೀಟಿಯನ್ನು ಓದುವ ಬಗೆ

ನಿದ್ರೆಯ ಔಷಧಿಗಳ ಪಾಠವನ್ನು ಪುಸ್ತಕದಲ್ಲಿ ಮೂರು ಸಲ ಓದಿ ಮೂರು ಸಲವೂ ಮರೆತವನು ನಾನು. ಅದು ತಲೆಯಲ್ಲಿ ನಿಂತದ್ದು ವಿಜಯಪುರದ ಔಷಧಿ ಅಂಗಡಿಯೊಂದರಲ್ಲಿ ತರಬೇತಿಗೆ ಸೇರಿದ ಮೇಲೆ. ಆದ್ದರಿಂದ ಡಿ.ಫಾರ್ಮ ಗೆಳೆಯರಿಗಾಗಿ ಬರೆದ ಈ ಟಿಪ್ಪಣಿಯನ್ನು ಒಂದು ಚೀಟಿಯಿಂದಲೇ ಶುರುಮಾಡುತ್ತೇನೆ: ಜೋಲ್ಪಿಡೆಮ್ 5 ಮಿ.ಗ್ರಾಂ, 0-0-1, 10 ದಿನ.

ಚೀಟಿ ತಂದವರು ಅರವತ್ತು ದಾಟಿದ ಹೆಂಗಸು. ಅರ್ಧ ಖಾಲಿಯಾದ ಸ್ಟ್ರಿಪ್ ಮುಂದಿಟ್ಟು, "ಈ ಗುಳಿಗೆ ನಾಟುತ್ತಿಲ್ಲಪ್ಪ, ಇದಕ್ಕಿಂತ ಜೋರಿನದು ಕೊಡು" ಎಂದರು. ಡಾಕ್ಟರನ್ನು ಕೇಳಿ ಎಂದು ಕಳುಹಿಸುವವನಿದ್ದೆ. ಅಂಗಡಿಯ ಹಿರಿಯರು ನಡುವೆ ಬಂದು, "ಅವ್ವಾ, ಯಾವಾಗ ನುಂಗುತ್ತೀರಿ?" ಎಂದು ಕೇಳಿದರು. "ಊಟವಾದ ಕೂಡಲೇ, ಬಿಪಿ ಗುಳಿಗೆಯ ಜೊತೆಗೆ. ಆಮೇಲೆ ಧಾರಾವಾಹಿ ಮುಗಿಯುವವರೆಗೆ ಕೂತಿರುತ್ತೇನೆ."

0-0-1 ಎಂದರೆ ಬೆಳಿಗ್ಗೆ ಇಲ್ಲ, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ನಮ್ಮ ಗಿರಾಕಿಗಳ ಲೆಕ್ಕದಲ್ಲಿ ಅದು ರಾತ್ರಿ ಊಟದ ನಂತರ. ಎಷ್ಟೋ ಗುಳಿಗೆಗಳಿಗೆ ಅದು ಸರಿ. ಜೋಲ್ಪಿಡೆಮ್‌ಗೆ ಮಾತ್ರ ತುಂಬಿದ ಹೊಟ್ಟೆ ಅಡ್ಡಿ. ಖಾಲಿ ಹೊಟ್ಟೆಯಲ್ಲಿ ರಕ್ತದಲ್ಲಿನ ಅದರ ಮಟ್ಟ ಸುಮಾರು ಒಂದೂವರೆ ಗಂಟೆಯಲ್ಲಿ ತುದಿ ಮುಟ್ಟುತ್ತದೆ. ಊಟದ ಮೇಲೆ ನುಂಗಿದರೆ ಎರಡು ಗಂಟೆ ದಾಟುತ್ತದೆ, ತುದಿಯೂ ಕಾಲು ಭಾಗದಷ್ಟು ತಗ್ಗುತ್ತದೆ. ಎರಡು ಜೋಳದ ರೊಟ್ಟಿ, ಎಣ್ಣೆಗಾಯಿ ಹೊಟ್ಟೆಯಲ್ಲಿದ್ದಾಗ ಗುಳಿಗೆ ಸಾವಕಾಶವಾಗಿಯೇ ರಕ್ತಕ್ಕೆ ಸೇರುತ್ತದೆ. ಅಷ್ಟರಲ್ಲಿ ಆ ತಾಯಿ ಟಿವಿಯ ಬೆಳಕಿನಲ್ಲಿ ಎಚ್ಚರವಾಗಿರುತ್ತಾರೆ, ಕೊನೆಗೆ ತೂಕಡಿಸುತ್ತ ಎದ್ದು ನಡೆಯುವಾಗ ಬೀಳುವ ಭಯ ಬೇರೆ. ಊಟವಾಗಿ ಸಾಕಷ್ಟು ಹೊತ್ತಾದ ಮೇಲೆ, ಹಾಸಿಗೆಯ ಮೇಲೆ ಕುಳಿತು ನುಂಗಬೇಕು. ಏಳುವುದಕ್ಕೆ ಇನ್ನೂ ಏಳೆಂಟು ಗಂಟೆ ಇರಬೇಕು. ನಸುಕಿನ ನಾಲ್ಕಕ್ಕೆ ಬಸ್ ಹಿಡಿಯುವವರಿಗೆ ಅಂದು ಗುಳಿಗೆ ಬೇಡ.

ಕೆಲಸ ಮಾಡುವ ಬಗೆ ಪರೀಕ್ಷೆಯಲ್ಲಿ ಬಂದೇ ಬರುತ್ತದೆ. ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ನರಕೋಶದ ಮೇಲಿನ ಗಾಬಾ-ಎ ಗ್ರಾಹಕಕ್ಕೆ (ರಿಸೆಪ್ಟರ್) ಅಂಟಿದರೆ ಕ್ಲೋರೈಡ್ ನರಕೋಶದ ಒಳಗೆ ಹರಿದು ಕೋಶ ಶಾಂತವಾಗುತ್ತದೆ. ಜೋಲ್ಪಿಡೆಮ್ ಅದೇ ಗ್ರಾಹಕದ ಬೇರೊಂದು ಜಾಗದಲ್ಲಿ, ಡಯಾಜೆಪಾಮ್ ಕೂರುವ ಜಾಗದಲ್ಲೇ, ಕುಳಿತು ಗಾಬಾದ ಕೈ ಬಲಪಡಿಸುತ್ತದೆ. ವ್ಯತ್ಯಾಸವೇನೆಂದರೆ ಇದಕ್ಕೆ ಆಲ್ಫಾ-1 ಉಪಘಟಕವಿರುವ ಗ್ರಾಹಕಗಳ ಮೇಲೆ ಒಲವು ಹೆಚ್ಚು. ಆದ್ದರಿಂದ ನಿದ್ರೆ ಬರುತ್ತದೆ, ಸ್ನಾಯು ಸಡಿಲಿಸುವ ಮತ್ತು ಆತಂಕ ತಗ್ಗಿಸುವ ಗುಣ ಕಡಿಮೆ. ಡಯಾಜೆಪಾಮ್‌ನಂತೆ ಬೆಂಜೊಡಯಜೆಪಿನ್ ಗುಂಪಿನದಲ್ಲ ಎಂದ ಮಾತ್ರಕ್ಕೆ ಅವಲಂಬನೆ ಆಗುವುದಿಲ್ಲ ಎಂದು ಬರೆದರೆ ಅಂಕ ಹೋಗುತ್ತದೆ.

ಇನ್ನು 5 ಮಿ.ಗ್ರಾಂ. ಅರ್ಧಾಯು, ಅಂದರೆ ರಕ್ತದಲ್ಲಿನ ಮಟ್ಟ ಅರ್ಧಕ್ಕಿಳಿಯುವ ಸಮಯ, ಸುಮಾರು ಎರಡೂವರೆ ಗಂಟೆಯಾದರೂ ಮಹಿಳೆಯರ ದೇಹದಿಂದ ಇದು ನಿಧಾನವಾಗಿ ಹೊರಹೋಗುತ್ತದೆ. 10 ಮಿ.ಗ್ರಾಂ ನುಂಗಿ ಎಂಟು ಗಂಟೆ ಕಳೆದರೂ ನೂರರಲ್ಲಿ ಸುಮಾರು 15 ಮಹಿಳೆಯರ ರಕ್ತದಲ್ಲಿ ವಾಹನ ಓಡಿಸಲು ತೊಡಕಾಗುವಷ್ಟು ಉಳಿದಿರುತ್ತದೆ. ಪುರುಷರಲ್ಲಿ ಆ ಸಂಖ್ಯೆ 3. ಇದನ್ನು ಕಂಡುಕೊಂಡೇ 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮಹಿಳೆಯರ ಆರಂಭದ ಡೋಸ್ ಅನ್ನು 10ರಿಂದ 5ಕ್ಕೆ ಇಳಿಸಿತು. ಔಷಧ ಅಲ್ಲಿನ ಮಾರುಕಟ್ಟೆಗೆ ಬಂದು ಸುಮಾರು ಇಪ್ಪತ್ತು ವರ್ಷವಾದ ಮೇಲೆ! ವಯಸ್ಸಾದವರಿಗೂ 5 ಮಿ.ಗ್ರಾಂ. ಮದ್ಯ ಅಥವಾ ನೋವಿಗೆ ಕೊಡುವ ಓಪಿಯಾಯ್ಡ್ ಜೊತೆ ಸೇರಿದರೆ ಉಸಿರಾಟವೇ ಕುಗ್ಗಬಹುದು. ಕ್ಷಯಕ್ಕೆ ರಿಫಾಂಪಿಸಿನ್ ತೆಗೆದುಕೊಳ್ಳುವವರಲ್ಲಿ ತದ್ವಿರುದ್ಧ: ಯಕೃತ್ತು ಜೋಲ್ಪಿಡೆಮ್ ಅನ್ನು ಬೇಗ ಒಡೆದುಹಾಕುತ್ತದೆ, ಗುಳಿಗೆ ನಿಜಕ್ಕೂ ನಾಟುವುದಿಲ್ಲ.

10 ದಿನ ಏಕೆ? ಅಷ್ಟರಲ್ಲಿ ನಿದ್ರೆ ಸರಿಹೋಗದಿದ್ದರೆ ಒಳಗೆ ಬೇರೆ ಕಾರಣವಿರಬಹುದು: ಖಿನ್ನತೆ, ಗೊರಕೆಯ ನಡುವೆ ಉಸಿರು ನಿಲ್ಲುವುದು, ಥೈರಾಯ್ಡ್. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ರೆ ಕೆಟ್ಟರೆ ಅದು ದೀರ್ಘಕಾಲದ ನಿದ್ರಾಹೀನತೆ. ಅದಕ್ಕೆ ಮೊದಲ ಚಿಕಿತ್ಸೆ ಗುಳಿಗೆಯಲ್ಲ, ನಿದ್ರಾಹೀನತೆಗೆಂದೇ ರೂಪಿಸಿದ ಅರಿವು-ವರ್ತನಾ ಚಿಕಿತ್ಸೆ. ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲಿ ಇದನ್ನೇ ಸ್ಪಷ್ಟವಾಗಿ ಹೇಳಿತು. ನಿದ್ರೆ ಬಾರದಿದ್ದರೆ ಹೊರಳಾಡದೆ ಎದ್ದು ಹೋಗುವುದು, ಎಷ್ಟೇ ತಡವಾಗಿ ಮಲಗಿದರೂ ಒಂದೇ ಹೊತ್ತಿಗೆ ಏಳುವುದು ಇದರ ಭಾಗ. ಕೇಳಲು ಸಪ್ಪೆ, ಮಾಡಲು ಕಷ್ಟ, ಫಲ ಮಾತ್ರ ಹೆಚ್ಚು ಕಾಲ ಉಳಿಯುತ್ತದೆ. ಬಹಳ ದಿನ ನುಂಗಿದ ಜೋಲ್ಪಿಡೆಮ್ ಅನ್ನು ಒಮ್ಮೆಲೇ ಬಿಟ್ಟರೆ ಮೊದಲಿಗಿಂತ ಕೆಟ್ಟ ರಾತ್ರಿಗಳು ಬರುತ್ತವೆ. ಅದನ್ನು ನೋಡಿ ಜನ "ಇದಿಲ್ಲದೆ ಆಗದು" ಎಂದುಕೊಳ್ಳುತ್ತಾರೆ.

ಸ್ಟ್ರಿಪ್ ಮೇಲಿನ ಕೆಂಪು ಚೌಕಟ್ಟು ನಮ್ಮ ದೇಶದ ಔಷಧ ನಿಯಮಗಳ ಷೆಡ್ಯೂಲ್ ಎಚ್1 ಎಂಬ ಪಟ್ಟಿಯ ಗುರುತು. 2014ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಚೀಟಿಯಿಲ್ಲದೆ ಕೊಡುವಂತಿಲ್ಲ, ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣವನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು.

ರಿಜಿಸ್ಟರ್ ಬರೆಯುತ್ತಿದ್ದಾಗ ಹಿರಿಯರು ಇನ್ನೊಂದು ಪ್ರಶ್ನೆ ಕೇಳಿದರು, ನನಗೆ ವಿಚಿತ್ರವೆನಿಸಿತು: "ಈಗ ಬೇಸಿಗೆ. ಎಲ್ಲಿ ಮಲಗುತ್ತೀರಿ?" ಮಾಳಿಗೆಯ ಮೇಲೆ ಎಂದರು ಆಕೆ. ಜೋಲ್ಪಿಡೆಮ್ ನುಂಗಿದ ಕೆಲವರು ನಿದ್ರೆಯಲ್ಲೇ ಎದ್ದು ನಡೆಯುತ್ತಾರೆ, ಅಡುಗೆ ಮಾಡುತ್ತಾರೆ, ಗಾಡಿ ಓಡಿಸಿದವರೂ ಇದ್ದಾರೆ. ಬೆಳಗಾದರೆ ಏನೂ ನೆನಪಿರುವುದಿಲ್ಲ. 2019ರಲ್ಲಿ ಇದಕ್ಕಾಗಿಯೇ ಅಮೆರಿಕದಲ್ಲಿ ಲೇಬಲ್ಲಿನ ಮೇಲೆ ಅತಿ ಗಂಭೀರ ಎಚ್ಚರಿಕೆ ಹಾಕಿಸಿದರು. ಒಮ್ಮೆ ಹಾಗಾದರೂ ಔಷಧ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಆಕೆಯ ಮಾಳಿಗೆಗೆ ಕಟ್ಟೆಗೋಡೆ ಇರಲಿಲ್ಲ. ಹಿರಿಯರು ಕಾಗದದ ಕವರಿನ ಮೇಲೆ ದಪ್ಪ ಅಕ್ಷರಗಳಲ್ಲಿ "ಹಾಸಿಗೆಗೆ ಹೋದ ಮೇಲೆ" ಎಂದು ಬರೆದರು. ಅದರ ಕೆಳಗೆ ಇನ್ನೊಂದು ಸಾಲು: "ಕೆಳಗೆ, ಮನೆಯೊಳಗೆ."