ಟ್ಯಾಂಕ್ ಸೋರೋದು ಸೀಲಂಟ್ ಕಡಿಮೆಯಾಗಿ ಅಲ್ಲ

ವಿಮಾನದ ತಗಡಿನ ಕೆಲಸ ನನ್ನ ಕಸುಬು. ಅಮೆರಿಕದಲ್ಲಿ ಗ್ಯಾರೇಜಿನಲ್ಲೇ ಸ್ವಂತ ವಿಮಾನ ಕಟ್ಟುವವರು ಸಾವಿರಾರು ಜನ ಇದ್ದಾರೆ. ಅವರು ಸಲಹೆ ಕೇಳಲು ಬಂದಾಗ ಜಾಸ್ತಿ ಹೆದರುವುದು ಇಂಧನ ಟ್ಯಾಂಕಿನ ಕೆಲಸಕ್ಕೆ.

ಹೆದರಿಕೆಗೆ ಕಾರಣ ಇದೆ. ಮನೆಯಲ್ಲೇ ಜೋಡಿಸುವ ವಿಮಾನ, ವ್ಯಾನ್ಸ್ ಕಂಪನಿಯ ಆರ್‌ವಿ-7 ಕಿಟ್ಟನ್ನೇ ನೋಡಿ. ರೆಕ್ಕೆಯ ಮುಂಭಾಗವೇ ಅದರ ಟ್ಯಾಂಕ್, ಒಳಗೆ ಬೇರೆ ಡಬ್ಬಿ ಇಲ್ಲ. ಒಂದೊಂದು ರೆಕ್ಕೆಯಲ್ಲಿ 21 ಗ್ಯಾಲನ್, ಅಂದ್ರೆ ಸುಮಾರು 80 ಲೀಟರ್. ತಗಡು, ರಿಬ್ಬು (ರೆಕ್ಕೆಯೊಳಗಿನ ಅಡ್ಡ ಪಟ್ಟಿ), ತಗಡು ಜೋಡಿಸುವ ನೂರಾರು ರಿವೆಟ್‌ಗಳ ನಡುವಿನ ಪ್ರತಿ ಸಂದಿಯನ್ನೂ ಮುಚ್ಚಿರುವುದು ಪಾಲಿಸಲ್ಫೈಡ್ ಸೀಲಂಟ್. ಎಲ್ಲರೂ ಪ್ರೋಸೀಲ್ ಅಂತಾರಲ್ಲ, ಅದೇ.

ಹೊಸಬರು ಸೀಲಂಟನ್ನು ಧಾರಾಳವಾಗಿ ಬಳಿದರೆ ಸಾಕು ಅಂದುಕೊಳ್ಳುತ್ತಾರೆ. ನಾನು ಬಿಚ್ಚಿ ನೋಡಿದ ಸೋರುವ ಟ್ಯಾಂಕುಗಳಲ್ಲಿ ಸೀಲಂಟ್ ಬೇಕಾದಷ್ಟಿತ್ತು, ಅಂಟಿಕೊಂಡಿರಲಿಲ್ಲ ಅಷ್ಟೇ. ಉಗುರಿನಲ್ಲಿ ಎಬ್ಬಿಸಿದರೆ ಉದ್ದಕ್ಕೆ ರಬ್ಬರಿನ ಪಟ್ಟಿಯಂತೆ ಎದ್ದು ಬರುತ್ತದೆ, ಕೆಳಗೆ ತಗಡು ಫಳಫಳ ಹೊಳೀತಿರುತ್ತದೆ. ಆ ಹೊಳಪೇ ತಪ್ಪು. ಸೀಲಂಟ್ ಕೂರುವ ಜಾಗವನ್ನೆಲ್ಲ ಸ್ಕಾಚ್‌ಬ್ರೈಟ್‌ನಿಂದ ಉಜ್ಜಿ ಮಂಕು ಮಾಡಬೇಕು. ಆಮೇಲೆ ಎಂಇಕೆ ಎಂಬ ಜಿಡ್ಡು ಕರಗಿಸುವ ದ್ರಾವಕದಲ್ಲಿ ಅದ್ದಿದ ಬಟ್ಟೆಯಲ್ಲಿ ಒರೆಸಿ, ಅದು ಆರುವ ಮೊದಲೇ ಒಣ ಬಟ್ಟೆಯಲ್ಲಿ ತೆಗೆಯಬೇಕು. ತಾನಾಗೇ ಆರಲು ಬಿಟ್ಟರೆ ಕರಗಿದ ಜಿಡ್ಡು ಮತ್ತೆ ಅಲ್ಲೇ ಕೂರುತ್ತದೆ. ಬಟ್ಟೆಗೆ ಕೊಳೆ ಹತ್ತುವುದು ನಿಲ್ಲುವವರೆಗೂ ಒರೆಸಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಕಿಟಕಿ ಬಾಗಿಲು ತೆರೆದಿಡಿ, ಎಂಇಕೆ ಆವಿ ಒಳ್ಳೆಯದಲ್ಲ.

ಸೀಲಂಟ್ ಎರಡು ಭಾಗವಾಗಿ ಬರುತ್ತದೆ, ಬೆರೆಸುವುದು ತೂಕದ ಲೆಕ್ಕದಲ್ಲಿ. ಹತ್ತು ಪಾಲು ಬಿಳಿ ಬೇಸ್‌ಗೆ ಒಂದು ಪಾಲು ಕಪ್ಪು ಕ್ಯಾಟಲಿಸ್ಟ್, ಅಂದ್ರೆ ಗಟ್ಟಿ ಮಾಡುವ ಭಾಗ. ಕಣ್ಣಂದಾಜು ಬೇಡ, ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳಿ. ಬಿಳಿ ಗೆರೆ ಒಂದೂ ಉಳಿಯದೆ ಒಂದೇ ಬೂದು ಬಣ್ಣ ಬರಬೇಕು. ಸೀಲಂಟ್ ಡಬ್ಬಿಯ ಮೇಲೆ ಬಿ-2 ಅಂತ ಬರೆದಿದ್ದರೆ ಸುಮಾರು 25 ಡಿಗ್ರಿಯಲ್ಲಿ ಕೆಲಸಕ್ಕೆ ಎರಡು ಗಂಟೆ ಸಿಗುತ್ತದೆ. ಸೆಕೆ ಜಾಸ್ತಿ ಇದ್ದರೆ ಅಷ್ಟು ಸಿಗಲ್ಲ. ಅದಕ್ಕೇ ಒಂದು ಸಲಕ್ಕೆ ಒಂದೆರಡು ರಿಬ್‌ಗೆ ಆಗುವಷ್ಟೇ ಬೆರೆಸಿ.

ರಿಬ್ಬಿನ ಅಂಚಿಗೆ ತೆಳುವಾಗಿ ಹಚ್ಚಿ ಕೂರಿಸಿ, ಸೀಲಂಟ್ ಹಸಿಯಿರುವಾಗಲೇ ರಿವೆಟ್ ಹೊಡೆಯಿರಿ. ನಂತರ ಒಳಗಡೆ ಅಂಚಿನುದ್ದಕ್ಕೂ ಸೀಲಂಟಿನ ಒಂದು ಏಣು ಎಳೆದು, ಪ್ರತಿ ರಿವೆಟ್ ತಲೆಯ ಮೇಲೂ ಒಂದು ಬೊಟ್ಟು ಇಡಿ. ಹಿಂದಿನ ಗೋಡೆ, ಬ್ಯಾಫಲ್, ಕೂರುವುದು ಕೊನೆಗೆ. ಅದು ಕೂತ ಮೇಲೆ ಒಳಗೆ ಕೈ ಹೋಗುವುದಿಲ್ಲ. ಅದರಲ್ಲೂ ಕೊನೆಯ ರಿಬ್ಬು, ಬ್ಯಾಫಲ್, ತಗಡು ಮೂರೂ ಸೇರುವ ಮೂಲೆಗಳು ತುಂಬಾ ಕಾಡುತ್ತವೆ. ಸೀಲಂಟನ್ನು ಧಾರಾಳವಾಗಿ ಹಾಕಬೇಕಾದ ಜಾಗ ಇದೊಂದೇ.

ಸೋರಿಕೆ ಪರೀಕ್ಷೆಗೆ ಕಂಪ್ರೆಸರ್ ಹಚ್ಚಲೇಬೇಡಿ. ಒಂದು ಪಿಎಸ್‌ಐ (ಚದರ ಅಂಗುಲಕ್ಕೆ ಒಂದು ಪೌಂಡ್) ಒತ್ತಡ ಸಣ್ಣದು ಅನಿಸುತ್ತದೆ, ಅಲ್ವಾ? ಆದರೆ ಒಂದು ಚದರ ಅಡಿ ತಗಡಿನ ಮೇಲೆ ಅದು 65 ಕಿಲೋ ಭಾರ. ಕಟ್ಟಿದ ಟ್ಯಾಂಕ್ ಕಣ್ಣೆದುರೇ ಉಬ್ಬಿ ಹಾಳಾಗಬಹುದು. ಉಳಿದ ಬಾಯಿಗಳನ್ನು ಮುಚ್ಚಿ, ಒಂದಕ್ಕೆ ಬಲೂನ್ ಕಟ್ಟಿ, ಅದು ನೆಟ್ಟಗೆ ನಿಲ್ಲುವಷ್ಟು ಗಾಳಿ ತುಂಬಿ ಸೋಪಿನ ನೀರು ಹಚ್ಚಿ. ಬಲೂನ್ ಸ್ವಲ್ಪ ಕುಗ್ಗಿದ ಮಾತ್ರಕ್ಕೆ ಗಾಬರಿ ಬೇಡ, ರಾತ್ರಿ ತಂಪಾದರೂ ಕುಗ್ಗುತ್ತದೆ. ಗುಳ್ಳೆ ಬಂದರೆ ಮಾತ್ರ ಸೋರಿಕೆ.

ಹಾರಾಟ ಶುರುವಾದ ಮೇಲೆ ಸೋರಿದರೆ ರೆಕ್ಕೆಯ ಕೆಳಗೆ ನೀಲಿ ಕಲೆ ಕಾಣುತ್ತದೆ, ಯಾಕಂದ್ರೆ 100ಎಲ್‌ಎಲ್ ಎಂಬ ವಿಮಾನದ ಪೆಟ್ರೋಲಿಗೆ ನೀಲಿ ಬಣ್ಣ ಹಾಕಿರುತ್ತಾರೆ. ಕಲೆಯ ಮೇಲೆ ಹೊರಗಿನಿಂದ ಸೀಲಂಟ್ ಬಳಿಯಬೇಡಿ. ಇಂಧನ ಒಳಗೆ ಒಂದು ಕಡೆ ನುಗ್ಗಿ, ಸಂದಿಯಲ್ಲೇ ಹರಿದು, ದೂರದ ಯಾವುದೋ ರಿವೆಟ್ಟಿನಲ್ಲಿ ಹೊರಬರುತ್ತದೆ. ಹಿಂದೆ ಕೆಲವರು ಸೀಲಂಟಿನಂಥ ತೆಳು ದ್ರವವನ್ನು ಟ್ಯಾಂಕಿನೊಳಗೆ ಸುರಿದು ಕುಲುಕಿಸುತ್ತಿದ್ದರು. ಅದು ವರ್ಷಗಳ ನಂತರ ಸಿಪ್ಪೆ ಎದ್ದು ಇಂಧನದ ಜಾಲರಿಯನ್ನೇ ಮುಚ್ಚಿತು. ಹಾರುವಾಗ ಎಂಜಿನ್ ನಿಲ್ಲಿಸಬಲ್ಲ ಕೆಲಸ ಅದು, ದಯವಿಟ್ಟು ಮಾಡಬೇಡಿ. ಟ್ಯಾಂಕ್ ಖಾಲಿ ಮಾಡಿ, ಬಿಚ್ಚಿ, ಆವಿಯೆಲ್ಲ ಹೋದ ಮೇಲೆ ಬ್ಯಾಫಲ್‌ನಲ್ಲಿ ತೂತು ಕೊರೆದು, ಒಳಗಿನ ಹಳೆಯದನ್ನು ಕೆರೆದು, ಉಜ್ಜಿ, ಒರೆಸಿ, ಹೊಸದಾಗಿ ಹಚ್ಚಿ. ತೂತಿನ ಮೇಲೆ ಅಲ್ಯೂಮಿನಿಯಂ ಮುಚ್ಚಳ ಇಟ್ಟು, ಅದಕ್ಕೂ ಸೀಲಂಟ್ ಹಚ್ಚಿ ರಿವೆಟ್ ಮಾಡಿ.