ಮೊದಲ ಆಟ ನೋಡಿ ಬಂದ ದೊಡ್ಡಪ್ಪ ಹೇಳಿದ್ದೇನು?

ಮದ್ದೂರಿನಲ್ಲಿ ಕೊಂಡ ವಡೆ ರಾಮನಗರ ಬರುವಷ್ಟರಲ್ಲಿ ಮುಗಿದು, ದೊಡ್ಡಪ್ಪನ ಕೈಯಲ್ಲಿ ಎಣ್ಣೆ ಹೀರಿದ ಕಾಗದವಷ್ಟೇ ಉಳಿದಿರುತ್ತದೆ. ಅದನ್ನು ಮುದುರಿ ಹಿಡಿದ ಕೈಯಿಂದಲೇ ರೈಲಿನ ಕಿಟಕಿಯಾಚೆಯ ಬಂಡೆಗಳನ್ನು ತೋರಿಸುತ್ತಾರೆ. ‘ಶೋಲೆ ತೆಗೆದದ್ದು ಇಲ್ಲೇ. ಮೊದಲ ಆಟ ನೋಡಿದ ದಿನವೇ ಹೇಳಿದ್ದೆ, ಇದನ್ನು ಯಾರೂ ಅಲ್ಲಾಡಿಸಲಾರರು ಎಂದು.’ ಮಂಡ್ಯದಿಂದ ಬೆಂಗಳೂರಿಗೆ ಅವರ ಜೊತೆ ಹೋದಾಗಲೆಲ್ಲ ಇದನ್ನು ಕೇಳಿದ್ದೇನೆ. ಈಚೆಗೆ ಒಮ್ಮೆ ದೊಡ್ಡಮ್ಮನೂ ಜೊತೆಗಿದ್ದರು. ‘ಸುಮ್ಮನಿರಿ. ಮೂರು ಗಂಟೆ ಕುದುರೆ ಓಡಿಸುತ್ತಾರೆ, ಕಾಸು ದಂಡ ಎಂದು ಗೊಣಗಿಕೊಂಡು ಮನೆಗೆ ಬಂದವರು ನೀವೇ’ ಎಂದರು. ದೊಡ್ಡಪ್ಪ ತಬ್ಬಿಬ್ಬಾದರು. ಸುಳ್ಳು ಹೇಳಿ ಸಿಕ್ಕಿಬಿದ್ದವರ ಮುಖವಾಗಿರಲಿಲ್ಲ ಅದು. ಹಾಗೆ ಅಂದದ್ದು ಅವರಿಗೆ ನಿಜಕ್ಕೂ ನೆನಪಿರಲಿಲ್ಲ.

‘ಶೋಲೆ’ ತೆರೆ ಕಂಡದ್ದು 1975ರ ಆಗಸ್ಟ್ 15ರಂದು. ಮೊದಲ ವಾರದ ವಿಮರ್ಶೆಗಳಲ್ಲಿ ಹೊಗಳಿಕೆಗಿಂತ ಮೂದಲಿಕೆಯೇ ಹೆಚ್ಚಿತ್ತು. ಫಿಲ್ಮ್‌ಫೇರ್‌ನವರು ಕೊಟ್ಟದ್ದು ಒಂದೇ ಪ್ರಶಸ್ತಿ, ಅದೂ ಸಂಕಲನಕ್ಕೆ. ಅದೇ ವರ್ಷ ಬರೂಕ್ ಫಿಶಾಫ್ ಮತ್ತು ರುತ್ ಬೇತ್ ಎಂಬ ಮನಶ್ಶಾಸ್ತ್ರಜ್ಞರ ಪ್ರಬಂಧವೊಂದು ಪ್ರಕಟವಾಯಿತು. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೂ ಸೋವಿಯತ್ ಒಕ್ಕೂಟಕ್ಕೂ ಹೊರಡುವ ಮೊದಲು, ಅಲ್ಲಿ ಏನೇನು ನಡೆಯಬಹುದು, ಎಷ್ಟು ಸಂಭವ ಎಂದು ಅವರು ವಿದ್ಯಾರ್ಥಿಗಳನ್ನು ಕೇಳಿ ಬರೆಸಿಟ್ಟಿದ್ದರು. ಪ್ರವಾಸಗಳು ಮುಗಿದ ಮೇಲೆ, ‘ನೀವು ಆಗ ಏನು ಬರೆದಿದ್ದಿರಿ, ನೆನಪಿಸಿಕೊಳ್ಳಿ’ ಎಂದರು. ನಿಜವಾಗಿ ನಡೆದ ಸಂಗತಿಗಳಿಗೆ ತಾವು ಮೊದಲೇ ಹೆಚ್ಚು ಸಂಭವ ಕೊಟ್ಟಿದ್ದೆವು ಎಂದೇ ಹೆಚ್ಚಿನವರಿಗೆ ನೆನಪಾಯಿತು. ಫಲಿತಾಂಶ ತಿಳಿದ ಕ್ಷಣದಿಂದ ಮನಸ್ಸು ಹಳೆಯ ಲೆಕ್ಕವನ್ನು ಸದ್ದಿಲ್ಲದೆ ತಿದ್ದಿಬಿಡುತ್ತದೆ. ದೊಡ್ಡಪ್ಪನದೂ ಇದೇ ಕೇಸು. ಅಂದಿನ ವಿಮರ್ಶಕರಿಗೆ ಮಾತ್ರ ಈ ಸೌಲಭ್ಯವಿಲ್ಲ, ಅವರ ಮಾತು ಅಚ್ಚಾಗಿ ಕುಳಿತಿದೆ.

ಹಾಗಾದರೆ ಮೊದಲ ನೋಟ ಎಡವುವುದೇಕೆ? 1968ರಲ್ಲಿ ಮಿಚಿಗನ್ ವಿಶ್ವವಿದ್ಯಾಲಯದ ರಾಬರ್ಟ್ ಜಾಯಾನ್ಸ್ ಚೀನೀ ಲಿಪಿಯಂಥ ಅಕ್ಷರಗಳನ್ನು ಆ ಲಿಪಿ ಗೊತ್ತಿಲ್ಲದವರಿಗೆ ತೋರಿಸಿದರು. ಕೆಲವನ್ನು ಒಮ್ಮೆ, ಕೆಲವನ್ನು 5 ಸಲ, 10 ಸಲ, 25 ಸಲ. ಆಮೇಲೆ, ‘ಇದರ ಅರ್ಥ ಒಳ್ಳೆಯದಿರಬಹುದೋ ಕೆಟ್ಟದ್ದೋ’ ಎಂದು ಕೇಳಿದರು. ಹೆಚ್ಚು ಸಲ ಕಂಡ ಅಕ್ಷರಕ್ಕೇ ಒಳ್ಳೆಯ ಅರ್ಥ ಸಿಕ್ಕಿತು! ಒಮ್ಮೆ ಕಂಡದ್ದನ್ನು ಮತ್ತೆ ಗುರುತಿಸಲು ಮಿದುಳಿಗೆ ಶ್ರಮ ಕಡಿಮೆ. ಆ ಸಲೀಸನ್ನೇ ಅದು ವಸ್ತುವಿನ ಗುಣವೆಂದು ತಿಳಿಯುತ್ತದೆ ಎಂಬುದು ಇದಕ್ಕೆ ಮುಂದೆ ಹುಟ್ಟಿದ ವಿವರಣೆ.

ಕಾಕತಾಳೀಯವೋ ಏನೋ, ಅದೇ 1968ರಲ್ಲಿ ಸ್ಟಾನ್ಲಿ ಕ್ಯೂಬ್ರಿಕ್‌ನ ‘2001: ಎ ಸ್ಪೇಸ್ ಒಡಿಸ್ಸಿ’ ಬಂತು. ಮೊದಲ 25 ನಿಮಿಷ ಅದರಲ್ಲಿ ಯಾರೂ ಮಾತನಾಡುವುದಿಲ್ಲ. ಹಾಗೆ ಶುರುವಾಗುವ ಚಿತ್ರವನ್ನು ಹಿಡಿಯಲು ಪ್ರೇಕ್ಷಕನ ಕೈಯಲ್ಲಿ ಹಳೆಯ ಹಿಡಿಕೆ ಒಂದೂ ಇರಲಿಲ್ಲ. ಮೊದಲ ಪ್ರದರ್ಶನಗಳ ನಂತರ ಕ್ಯೂಬ್ರಿಕ್ ತಾನೇ 19 ನಿಮಿಷ ಕತ್ತರಿಸಿದ. ಅಮೆರಿಕದ ಪ್ರಖ್ಯಾತ ವಿಮರ್ಶಕಿ ಪಾಲೀನ್ ಕೇಲ್ ಆ ಚಿತ್ರದಲ್ಲಿ ಕಲ್ಪನೆಯೇ ಇಲ್ಲವೆಂದು ಜಾಡಿಸಿದರು. ಕೇಲ್ ಯಾವ ಚಿತ್ರವನ್ನೂ ಎರಡನೇ ಸಲ ನೋಡುವವರಲ್ಲ, ಅದನ್ನು ಅವರೇ ಹೆಮ್ಮೆಯಿಂದ ಹೇಳಿಕೊಂಡಿದ್ದರು. ಅವರ ಬರವಣಿಗೆಯ ಹರಿತ ನನಗೆ ಇಷ್ಟ, ಆದರೆ ಈ ಹಟ ಅರ್ಥವಾಗುವುದಿಲ್ಲ. ಫಿಲ್ಟರ್‌ನ ಮೊದಲ ತೊಟ್ಟು ನೆಕ್ಕಿ ಕಾಫಿಯ ಹದ ಹೇಳಿದ ಹಾಗೆ ಅದು.

‘ಶೋಲೆ’ಗೆ ಎರಡನೇ ಅವಕಾಶ ಬಂದದ್ದು ಕಿವಿಯ ಮೂಲಕ. ಅಮ್ಜದ್ ಖಾನ್ ದನಿ ಖಳನಾಯಕನಿಗೆ ಸಾಲದು ಎಂಬ ಅನುಮಾನ ಚಿತ್ರತಂಡದವರಿಗೇ ಇತ್ತಂತೆ. ಹಾಡುಗಳಷ್ಟೇ ಅಲ್ಲದೆ ಸಂಭಾಷಣೆಯೂ ಧ್ವನಿಮುದ್ರಿಕೆಯಾಗಿ ಹೊರಬಂತು. ‘ಗಣೇಶನ ಪೆಂಡಾಲಿನಲ್ಲಿ ದೇವರನಾಮ ಮುಗಿದರೆ ಗಬ್ಬರ್ ಸಿಂಗ್. ಹಿಂದಿ ಬಾರದ ನಮ್ಮತ್ತೆಗೂ ಬಾಯಿಪಾಠವಾಗಿತ್ತು’ ಎಂದರು ದೊಡ್ಡಮ್ಮ. ಸಾಲದೆಂದ ದನಿ ನೂರು ಸಲ ಕೇಳಿ ಸವೆದು ನುಣುಪಾಗಿತ್ತು.

ಇನ್ನೂ ಅಚ್ಚುಕಟ್ಟಾದ ಉದಾಹರಣೆ ಅಮೆರಿಕದ್ದು. ಫ್ರ್ಯಾಂಕ್ ಕಾಪ್ರಾನ 1946ರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಹಾಕಿದ ಹಣವನ್ನೂ ಹುಟ್ಟಿಸಲಿಲ್ಲ. 1974ರಲ್ಲಿ ಅದರ ಹಕ್ಕುಸ್ವಾಮ್ಯವನ್ನು ನವೀಕರಿಸಲು ಯಾರೋ ಮರೆತರು. ಪುಕ್ಕಟೆ ಸಿಕ್ಕಿತೆಂದು ಟಿವಿ ಕೇಂದ್ರಗಳು ಕ್ರಿಸ್‌ಮಸ್ ಬಂದಾಗಲೆಲ್ಲ ಅದನ್ನೇ ಹಾಕಿದವು. ಇಂದು ಅದಿಲ್ಲದೆ ಅಲ್ಲಿ ಹಬ್ಬವಿಲ್ಲ. ಕಚೇರಿಯ ಒಂದು ಮರೆವು ಜಾಯಾನ್ಸ್‌ರ ಪ್ರಯೋಗವನ್ನು ಇಡೀ ದೇಶದ ಮೇಲೆ ಮಾಡಿಬಿಟ್ಟಿತು.

ಹಾಗೆಂದು ಏನನ್ನೇ ತೋರಿಸುತ್ತಿದ್ದರೂ ಶ್ರೇಷ್ಠವಾಗಿಬಿಡುತ್ತದೆಯೇ? ಇಲ್ಲ. 2013ರಲ್ಲಿ ಪ್ರಕಟವಾದ ಬ್ರಿಟಿಷ್ ಅಧ್ಯಯನವೊಂದರಲ್ಲಿ ಸಂಶೋಧಕರು ವಿದ್ಯಾರ್ಥಿಗಳಿಗೆ ಅಮೆರಿಕದ ಕಲಾವಿದ ಥಾಮಸ್ ಕಿಂಕೇಡ್‌ ಬರೆದ ಕ್ಯಾಲೆಂಡರ್ ಮಾದರಿಯ ವರ್ಣಚಿತ್ರಗಳನ್ನು ಪದೇ ಪದೇ ತೋರಿಸಿದರು. ನೋಡಿದಷ್ಟೂ ಅವು ಸಪ್ಪೆಯಾದವು. 19ನೇ ಶತಮಾನದ ಹೆಸರಾಂತ ಬ್ರಿಟಿಷ್ ಕಲಾವಿದ ಜಾನ್ ಎವರೆಟ್ ಮಿಲೇಯ ವರ್ಣಚಿತ್ರಗಳಿಗೆ ಹಾಗಾಗಲಿಲ್ಲ. ಪರಿಚಯ ಸಲಿಗೆ ಕೊಡುತ್ತದೆ, ಒಳಗೆ ಸರಕಿಲ್ಲದಿದ್ದರೆ ಆ ಸಲಿಗೆಯೇ ಬಣ್ಣ ಬಯಲು ಮಾಡುತ್ತದೆ. ಬೈಸಿಕೊಂಡು ಡಬ್ಬ ಸೇರಿದ ಸಿನಿಮಾಗಳ ಬಗ್ಗೆ ವಿಮರ್ಶಕರು ಸರಿಯಾಗಿಯೇ ಬರೆದಿದ್ದರು, ಆ ಸಾಲುಗಳನ್ನು ಯಾರೂ ಹುಡುಕಿ ತೆಗೆದು ನಗುವುದಿಲ್ಲ, ಅಷ್ಟೆ.

ಪರಿಚಯವೇ ಮುಳುವಾಗುವುದೂ ಉಂಟು. ಮೈಸೂರಿನ ಆರ್.ಕೆ. ನಾರಾಯಣ್ ತಮ್ಮ ಕಾದಂಬರಿ 1965ರಲ್ಲಿ ‘ಗೈಡ್’ ಚಿತ್ರವಾದಾಗ, ಮಾಲ್ಗುಡಿಯನ್ನು ರಾಜಸ್ಥಾನಕ್ಕೆ ಸಾಗಿಸಿದ್ದನ್ನು ಕಂಡು ‘ದಾರಿ ತಪ್ಪಿದ ಗೈಡ್’ ಎಂಬರ್ಥದ ತಲೆಬರಹ ಕೊಟ್ಟು ಲೇಖನ ಬರೆದರು. ಜನ ಮೆಚ್ಚಿದ ಚಿತ್ರ ಅದು. ಆದರೆ ಮೂವತ್ತು ವರ್ಷ ಮನಸ್ಸಿನಲ್ಲಿ ಮಾಲ್ಗುಡಿಯ ಬೀದಿ ಸುತ್ತಿದವರಿಗೆ ಉದಯಪುರದ ಅರಮನೆ ಹೇಗೆ ಒಗ್ಗೀತು?

ಬೆಂಗಳೂರಿನ ಕೆಲಸ ಮುಗಿಸಿ ಸಂಜೆಯ ರೈಲಿಗೆ ಮರಳಿದೆವು. ರಾಮನಗರದಲ್ಲಿ ದೊಡ್ಡಪ್ಪನ ಕೈ ತಾನಾಗಿಯೇ ಕಿಟಕಿಯತ್ತ ಹೋಯಿತು. ‘ಮೊದಲ ಆಟ ನೋಡಿದ ದಿನವೇ...’ ಎಂದು ಶುರು ಮಾಡಿದವರು ದೊಡ್ಡಮ್ಮನ ಕಡೆ ತಿರುಗಿ, ‘ಎರಡನೇ ಸಲ ನೋಡಿದ ದಿನ’ ಎಂದು ತಿದ್ದಿಕೊಂಡರು.